ಮೂರು ಗಂಟೆಯ ಬಸ್ಸಿಗೆ ಮುಂಚಿನ ರಾತ್ರಿ

ಟಿಕೆಟಿನಲ್ಲಿ ವಿಮಾನ ಹೊರಡುವ ವೇಳೆ ಬೆಳಗಿನ 6.40 ಎಂದಿತ್ತು. ಅದನ್ನು ಓದಿದ ಕೂಡಲೇ ನಾನು ಹಿಂದಕ್ಕೆ ಎಣಿಸತೊಡಗಿದೆ. ಅಂತಾರಾಷ್ಟ್ರೀಯ ವಿಮಾನವಾದ್ದರಿಂದ ಮೂರು ಗಂಟೆ ಮೊದಲು, ಅಂದರೆ 3.40ಕ್ಕೆ, ಕೌಂಟರಿನ ಮುಂದೆ ಇರಬೇಕು. ಮನೆಯಿಂದ ನಿಲ್ದಾಣಕ್ಕೆ ರಸ್ತೆಯಲ್ಲಿ ನಾಲ್ಕೂವರೆ ಗಂಟೆಯ ದಾರಿ. ಟೈರು ಒಡೆದರೆ, ದಾರಿಯಲ್ಲಿ ವಾಹನಗಳು ನಿಂತುಬಿಟ್ಟರೆ ಇರಲಿ ಎಂದು ಇನ್ನೊಂದು ಗಂಟೆ. ಹಾಗೆ ಲೆಕ್ಕ ಹಾಕಿದರೆ ರಾತ್ರಿ ಹತ್ತರ ಸುಮಾರಿಗೆ ಮನೆ ಬಿಡಬೇಕಾಗುತ್ತಿತ್ತು. ಇಡೀ ರಾತ್ರಿ ಕಾರಿನಲ್ಲಿ ಕುಳಿತು ಬಂದು, ಆ ಮೇಲೆ ಹದಿನಾಲ್ಕು ಗಂಟೆ ವಿಮಾನದಲ್ಲಿ ಕುಳಿತುಕೊಳ್ಳುವುದು 71 ವರ್ಷದ ಅಮ್ಮನಿಂದ ಆಗುವ ಮಾತಲ್ಲ. ನಿಜ ಹೇಳಬೇಕೆಂದರೆ ನನ್ನಿಂದಲೂ ಆಗುವ ಮಾತಲ್ಲ. ಹಿಂದಿನ ದಿನವೇ ಹೋಗಿ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಉಳಿಯೋಣವೆಂದು ನಾನು ಹೇಳಿದಾಗ ಅಮ್ಮ, "ನಾಲ್ಕು ಗಂಟೆ ಮಲಗೋದಕ್ಕೆ ಒಂದು ರೂಮು ಬೇಕೇನೇ?" ಎಂದು ಕೇಳಿದರು. ಆ ಪ್ರಶ್ನೆಗೆ ಆಗ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ.

ಕೋಣೆ ಕಾಯ್ದಿರಿಸುವಾಗ ದಿನಾಂಕವನ್ನು ಮೂರು ಸಲ ನೋಡಿದೆ. ಅದಕ್ಕೊಂದು ಹಿನ್ನೆಲೆಯಿದೆ. ಕೆಲವು ವರ್ಷಗಳ ಹಿಂದೆ ಒಬ್ಬಳೇ ಪ್ರಯಾಣ ಮಾಡುವಾಗ ನನ್ನ ವಿಮಾನ ಒಂದು ತಿಂಗಳ 15ನೇ ತಾರೀಖಿನ ನಡುರಾತ್ರಿ 1.15ಕ್ಕೆ ಇತ್ತು. ಟಿಕೆಟಿನಲ್ಲಿ 15 ಎಂದಿದೆಯಲ್ಲ ಎಂದುಕೊಂಡು ಕೋಣೆಯನ್ನೂ 15ಕ್ಕೇ ಕಾಯ್ದಿರಿಸಿದ್ದೆ. 14ರ ಮಧ್ಯಾಹ್ನ ಹೋಟೆಲಿಗೆ ಹೋಗಿ ಹೆಸರು ಹೇಳಿದಾಗ ರಿಸೆಪ್ಷನ್ನಿನಲ್ಲಿದ್ದವರು ಕಂಪ್ಯೂಟರಿನಲ್ಲಿ ಹುಡುಕಿ, ನಿಮ್ಮ ಕೋಣೆ ನಾಳೆಗೆ ಇದೆ ಎಂದರು. ನಾಳೆಯ ಹೊತ್ತಿಗೆ ನಾನು ಸಮುದ್ರ ದಾಟಿರುತ್ತಿದ್ದೆ. ತಪ್ಪು ಅವರದೂ ಅಲ್ಲ, ಟಿಕೆಟಿನದೂ ಅಲ್ಲ. ವಿಮಾನದ ದಿನ ನಡುರಾತ್ರಿ ಹನ್ನೆರಡಕ್ಕೆ ಬದಲಾಗುತ್ತದೆ. ಹೋಟೆಲಿನ ದಿನ ಮಧ್ಯಾಹ್ನ ಎರಡಕ್ಕೋ ಮೂರಕ್ಕೋ ಶುರುವಾಗಿ ಮರುದಿನ ಹನ್ನೊಂದು ಹನ್ನೆರಡರ ತನಕ ಎಳೆಯುತ್ತದೆ. ಬೆಳಗಿನ ಜಾವದ ವಿಮಾನಕ್ಕೆ ಕೋಣೆ ಬೇಕಾಗುವುದು ಯಾವಾಗಲೂ ಟಿಕೆಟಿನ ತಾರೀಖಿನ ಹಿಂದಿನ ತಾರೀಖಿಗೆ. ಅಂದು ನಡುರಾತ್ರಿಗೆ ಮುಂಚೆಯೇ ನಿಲ್ದಾಣಕ್ಕೆ ಹೋಗಬೇಕಾಗಿದ್ದ ನನಗೆ ಇಡೀ ರಾತ್ರಿಯ ಕೋಣೆಯ ಅಗತ್ಯವೇ ಇರಲಿಲ್ಲ. ಹಗಲಿನ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ ಕೋಣೆ ಕೊಡುವ ಪದ್ಧತಿ ನಿಲ್ದಾಣದ ಸುತ್ತಲಿನ ಅನೇಕ ಹೋಟೆಲುಗಳಲ್ಲಿ ಇದೆಯೆಂಬುದು ನನಗೆ ತಿಳಿದದ್ದೂ ಆ ದಿನವೇ.

ಈ ಸಲ ಮೊದಲು ಯೋಚಿಸಿದ್ದು ನಿಲ್ದಾಣದ ಒಳಗೇ ಇರುವ ಹೋಟೆಲಿನ ಬಗ್ಗೆ. ಅಂಥವುಗಳಲ್ಲಿ ಎರಡು ಬಗೆ. ಭದ್ರತಾ ತಪಾಸಣೆಯ ಈಚೆಗೆ, ಟರ್ಮಿನಲ್ಲಿಗೆ ಅಂಟಿಕೊಂಡು ಇರುವುದು ಒಂದು. ತಪಾಸಣೆ ಮುಗಿಸಿ ಒಳಗೆ ಹೋದವರಿಗೆ ಮಾತ್ರ ಸಿಗುವುದು ಇನ್ನೊಂದು. ಎರಡನೆಯದು ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಕಾಯುವವರಿಗೆ ಅನುಕೂಲವೇ ಹೊರತು ಅಲ್ಲಿಂದಲೇ ಪ್ರಯಾಣ ಶುರುಮಾಡುವವರಿಗೆ ಸಾಮಾನ್ಯವಾಗಿ ದಕ್ಕುವುದಿಲ್ಲ, ಏಕೆಂದರೆ ಹಿಂದಿನ ಸಂಜೆಯೇ ಹೋದರೆ ದೊಡ್ಡ ಪೆಟ್ಟಿಗೆಗಳನ್ನು ಒಪ್ಪಿಸಿಕೊಳ್ಳಲು ಕೌಂಟರ್ ತೆರೆದಿರುವುದಿಲ್ಲ, ಪೆಟ್ಟಿಗೆ ಕೊಡದೆ ಒಳಗೆ ಹೋಗಲಾಗುವುದಿಲ್ಲ. ಹೀಗಾಗಿ ಹೊರಗಿನ ಹೋಟೆಲುಗಳನ್ನೇ ನೋಡಿದೆವು. ಎಲ್ಲವೂ "ನಿಲ್ದಾಣದಿಂದ ಐದೇ ನಿಮಿಷ" ಎಂದು ಬರೆದುಕೊಂಡಿದ್ದವು. ನಕ್ಷೆಯಲ್ಲಿ ನೋಡಿದಾಗ ಆ ಐದು ನಿಮಿಷದ ಗುಟ್ಟು ಅರ್ಥವಾಯಿತು. ರನ್‌ವೇ ಮೂರು, ಮೂರೂವರೆ ಕಿಲೋಮೀಟರು ಉದ್ದವಿರುತ್ತದೆ. ಅದರ ಬೇಲಿಯ ಪಕ್ಕದಲ್ಲಿರುವ ಹೋಟೆಲಿಗೆ ವಿಮಾನಗಳು ಹತ್ತಿರವೇ, ಆದರೆ ಟರ್ಮಿನಲ್ಲಿನ ಬಾಗಿಲು ರನ್‌ವೇಯ ಆ ಬದಿಗಿದ್ದರೆ ರಸ್ತೆ ಪೂರ್ತಿ ಸುತ್ತಿಕೊಂಡು ಹೋಗುತ್ತದೆ. ದೂರವನ್ನು ನಿಲ್ದಾಣದ ಹೆಸರಿಗೆ ಅಳೆಯದೆ ನಮ್ಮ ಟರ್ಮಿನಲ್ಲಿನ ಬಾಗಿಲಿಗೆ ಅಳೆದಾಗ ಪಟ್ಟಿಯಲ್ಲಿ ಮೊದಲಿದ್ದ ಹೋಟೆಲು ನಾಲ್ಕನೆಯದಾಯಿತು.

ದೂರಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಬಸ್ಸಿನ ಬಗ್ಗೆ. ಉಚಿತ ಶಟಲ್ ಬಸ್ಸು 24 ಗಂಟೆಯೂ ಇದೆ ಎಂಬ ಸಾಲು ಸುಳ್ಳಾಗಿರಲಿಲ್ಲ, ಆದರೆ ಫೋನು ಮಾಡಿ ಕೇಳಿದಾಗ ಹಗಲಿನಲ್ಲಿ ಅರ್ಧ ಗಂಟೆಗೊಂದು, ರಾತ್ರಿ ಹನ್ನೆರಡರಿಂದ ಐದರವರೆಗೆ ಗಂಟೆಗೊಂದು ಎಂದು ತಿಳಿಯಿತು. ಅಂದರೆ ನಮಗೆ ಮೂರರದ್ದು ಅಥವಾ ನಾಲ್ಕರದ್ದು. ಅಷ್ಟೇ ಅಲ್ಲ, ಸೀಟು ಬೇಕೆಂದರೆ ರಿಸೆಪ್ಷನ್ನಿನ ರಿಜಿಸ್ಟರಿನಲ್ಲಿ ಹೆಸರು ಬರೆಸಿರಬೇಕು. ಈ ಎರಡನೆಯ ಸಂಗತಿ ಎಲ್ಲಿಯೂ ಬರೆದಿರಲಿಲ್ಲ. ಫೋನಿನಲ್ಲಿ ಮಾತನಾಡಿದ ಹುಡುಗ ತಾನಾಗಿಯೇ ಹೇಳದಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ.

ಹಿಂದಿನ ದಿನ ಸಂಜೆ ಐದರ ಹೊತ್ತಿಗೆ ಹೋಟೆಲು ತಲುಪಿದೆವು. ರಿಸೆಪ್ಷನ್ನಿನಲ್ಲಿ ಪಾಸ್‌ಪೋರ್ಟುಗಳ ಪ್ರತಿ ತೆಗೆದುಕೊಂಡು, ನನ್ನ ಕಾರ್ಡಿನಲ್ಲಿ ಒಂದಿಷ್ಟು ಮೊತ್ತವನ್ನು ಭದ್ರತೆಗಾಗಿ ತಡೆಹಿಡಿದರು. ಇದು ಖರ್ಚಲ್ಲ, ಬಿಡುಗಡೆಯಾಗುವ ಹಣವೇ. ಆದರೆ ಬಿಡುಗಡೆಗೆ ಕೆಲವು ದಿನ ಹಿಡಿಯುವುದರಿಂದ ಪರದೇಶಕ್ಕೆ ಇಳಿದ ಮೊದಲ ದಿನವೇ ಬೇಕಾಗುವ ಕಾರ್ಡನ್ನು ಇಲ್ಲಿ ಕೊಡಬಾರದೆಂಬ ಎಚ್ಚರ ನನಗಿತ್ತು. ನಿಂತಲ್ಲೇ ನಾಲ್ಕು ಕೆಲಸ ಮುಗಿಸಿದೆ: ಮೂರರ ಬಸ್ಸಿಗೆ ಎರಡು ಸೀಟು ಬರೆಸಿದ್ದು, ಎರಡೂವರೆಗೆ ಕೋಣೆಯ ಫೋನಿಗೆ ಕರೆಮಾಡಿ ಎಬ್ಬಿಸಲು ಹೇಳಿದ್ದು, ಬೆಳಗಿನ ಉಪಾಹಾರ ಆರಕ್ಕೆ ಶುರುವಾಗುವುದರಿಂದ ಅದರ ಬದಲು ಪೊಟ್ಟಣ ಕಟ್ಟಿಕೊಡಲು ಕೇಳಿದ್ದು, ಮತ್ತು ಬಿಲ್ಲನ್ನು ಆಗಲೇ ಚುಕ್ತಾ ಮಾಡಿದ್ದು.

ಉಳಿದದ್ದು ಕೋಣೆಯ ಆಯ್ಕೆ. ರನ್‌ವೇ ಕಡೆಯದು ಬೇಕೋ, ಹಿಂಬದಿಯದು ಬೇಕೋ ಎಂದು ಕೇಳಿದರು. ಹಿಂಬದಿಯದೇ ಇರಲಿ, ಲಿಫ್ಟಿನಿಂದ ದೂರವಿರಲಿ ಎಂದು ನಾನು ಮೊದಲೇ ಕಲಿತಿಟ್ಟ ಪಾಠವನ್ನು ಒಪ್ಪಿಸಿದೆ. ಪಕ್ಕದಲ್ಲಿದ್ದ ಅಮ್ಮ ಮೆಲ್ಲಗೆ, "ಹಾಗಾದರೆ ವಿಮಾನ ಕಾಣೋದಿಲ್ವಾ?" ಎಂದರು. ನಾಲ್ಕು ತಾಸಿನ ನಿದ್ದೆಗಾಗಿ ಇಷ್ಟೆಲ್ಲ ಮಾಡಿಕೊಂಡು ಬಂದು ಸದ್ದಿನ ಕಡೆಯ ಕೋಣೆಯನ್ನು ಕೇಳಿ ಪಡೆಯುವುದು ನನಗೆ ಶುದ್ಧ ಅವಿವೇಕವಾಗಿ ಕಂಡಿತು. ಆದರೂ ಅವರ ಮುಖ ನೋಡಿ, ರನ್‌ವೇ ಕಡೆಯದನ್ನೇ ಕೊಡಿ ಎಂದೆ. ಆರನೇ ಮಹಡಿಯ ಕೋಣೆ ಸಿಕ್ಕಿತು.

ಬಾಗಿಲು ತೆರೆದು ಒಳಗೆ ಹೋದಾಗ ಎದುರಿಗೆ ಒಂದು ದೊಡ್ಡ ವಿಮಾನ ಮೂಗೆತ್ತಿ ನೆಲ ಬಿಡುತ್ತಿತ್ತು. ಸದ್ದು ಮಾತ್ರ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದಷ್ಟು. ಕಿಟಕಿಯ ಚೌಕಟ್ಟನ್ನು ಮುಟ್ಟಿ ನೋಡಿದರೆ ಅಲ್ಲಿದ್ದದ್ದು ಎರಡು ಕಿಟಕಿಗಳು, ನಡುವೆ ಒಂದು ಗೇಣಿನಷ್ಟು ತೆರಪು. ಹೊರಗಿನ ಗಾಜು ದಪ್ಪ, ಒಳಗಿನದು ತೆಳುವು. ಎರಡೂ ಒಂದೇ ದಪ್ಪವಿದ್ದರೆ ಒಂದರ ಮೂಲಕ ತೂರಿ ಬಂದ ಕಂಪನವೇ ಇನ್ನೊಂದರ ಮೂಲಕವೂ ಸುಲಭವಾಗಿ ತೂರಿಬರುತ್ತದೆ. ದಪ್ಪ ಬೇರೆ ಬೇರೆಯಾದಾಗ ಒಂದು ಬಿಟ್ಟದ್ದನ್ನು ಇನ್ನೊಂದು ತಡೆಯುತ್ತದೆ. ಕಿಟಕಿ ತೆರೆಯುವ ಹಿಡಿಯೇ ಇರಲಿಲ್ಲ, ಗಾಳಿಗೆ ಎ.ಸಿ.ಯೊಂದೇ ಗತಿ. ವಿಮಾನದ ಬಗ್ಗೆ ನಾನು ಇಟ್ಟುಕೊಂಡಿದ್ದ ಭಯ ಅಲ್ಲಿಗೆ ಅರ್ಧ ಕಡಿಮೆಯಾಯಿತು. ಅಮ್ಮ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕುಳಿತರು. ಎಲ್ಲ ವಿಮಾನಗಳೂ ಎಡದಿಂದ ಬಲಕ್ಕೇ ಏಕೆ ಏರುತ್ತವೆ ಎಂದು ಕೇಳಿದರು. ಗಾಳಿಗೆ ಎದುರಾಗಿ ಓಡಿದರೆ ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ ಹೆಚ್ಚಿ ಬೇಗ ಮೇಲೇಳಬಹುದು, ಹಾಗಾಗಿ ಗಾಳಿ ಬಲದಿಂದ ಬೀಸುವ ತನಕ ಬಲಕ್ಕೆ ಹೋಗುತ್ತವೆ, ಗಾಳಿ ತಿರುಗಿದರೆ ಇವೂ ತಿರುಗುತ್ತವೆ ಎಂದು ಹೇಳಿದೆ. ರನ್‌ವೇಯ ತುದಿಯಲ್ಲಿ ಬರೆದ ಅಂಕಿಯೂ ದಿಕ್ಕೇ: ನೇರ ಪೂರ್ವಕ್ಕೆ ಮುಖಮಾಡಿದ್ದರೆ 90 ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು 09, ಅದೇ ರನ್‌ವೇಯ ಇನ್ನೊಂದು ತುದಿಯಿಂದ ಪಶ್ಚಿಮಕ್ಕೆ ಓಡಿದರೆ 27. ಒಂದೇ ಹಾದಿಗೆ ಎರಡು ಹೆಸರು ಎಂಬುದು ಅಮ್ಮನಿಗೆ ಬಹಳ ಹಿಡಿಸಿತು.

ಊಟ ಮುಗಿಸಿ ಎಂಟಕ್ಕೇ ದೀಪ ಆರಿಸಿಬಿಡಬೇಕೆಂಬುದು ನನ್ನ ಯೋಜನೆಯಾಗಿತ್ತು. ದಿನವೂ ಹನ್ನೊಂದಕ್ಕೆ ಮಲಗುವ ದೇಹ ಎಂಟಕ್ಕೆ ಮಲಗು ಎಂದರೆ ಮಲಗುವುದಿಲ್ಲ ಎಂಬುದನ್ನು ಓದಿ ತಿಳಿದಿದ್ದೆ. ಮಲಗುವ ವಾಡಿಕೆಯ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆಗಳಲ್ಲಿ ಒಳಗಿನ ಗಡಿಯಾರ ನಮ್ಮನ್ನು ಎಚ್ಚರವಾಗಿಡಲು ಇಡೀ ದಿನದಲ್ಲೇ ಹೆಚ್ಚು ಒತ್ತುತ್ತಿರುತ್ತದಂತೆ. ತಿಳಿದಿದ್ದರೂ ಪ್ರಯತ್ನಿಸಿದೆ. ಇಪ್ಪತ್ತೈದು ನಿಮಿಷ ಚಾವಣಿ ನೋಡಿದ ಮೇಲೆ ಅಮ್ಮ ಕತ್ತಲಲ್ಲೇ, "ನೀನೂ ಎಚ್ಚರ, ನಾನೂ ಎಚ್ಚರ, ಎದ್ದು ಸಾಮಾನಾದರೂ ನೋಡೋಣ ಏಳು" ಎಂದರು. ಆ ರಾತ್ರಿ ನಾವು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಹಾಗೆ ಎದ್ದ ಮೇಲಿನ ಒಂದೂವರೆ ಗಂಟೆ.

ಮನುಷ್ಯನ ಮೈಯ ಉಷ್ಣತೆ ದಿನದಲ್ಲಿ ಅತ್ಯಂತ ಕೆಳಗಿಳಿಯುವುದು ಬೆಳಗಿನ ಜಾವ ನಾಲ್ಕು ಐದರ ಸುಮಾರಿಗೆ. ಚುರುಕುತನವೂ ಅದರ ಜೊತೆಗೇ ಕುಸಿಯುತ್ತದೆ. ನಾವು ಪಾಸ್‌ಪೋರ್ಟು ತೋರಿಸಿ, ಪೆಟ್ಟಿಗೆ ತೂಗಿಸಿ, ಗೇಟು ಹುಡುಕಬೇಕಾದದ್ದು ಸರಿಯಾಗಿ ಅದೇ ಹೊತ್ತಿನಲ್ಲಿ. ಆದ್ದರಿಂದ ಬೆಳಗಿನ ಮೂರರ ನನಗೆ ಒಂದೇ ಒಂದು ನಿರ್ಧಾರವನ್ನೂ ಉಳಿಸಬಾರದು, ಎಲ್ಲವನ್ನೂ ರಾತ್ರಿ ಒಂಬತ್ತರ ನಾನೇ ಮಾಡಿ ಮುಗಿಸಬೇಕು ಎಂದುಕೊಂಡೆ. ಈ ಯೋಚನೆ ಬಂದಾಗ ಅಮ್ಮನ ಮೊದಲಿನ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು. ಕೋಣೆ ತೆಗೆದುಕೊಂಡದ್ದು ಮಲಗುವುದಕ್ಕಾಗಿ ಎನ್ನುವುದಕ್ಕಿಂತ, ಮನೆಯ ಗಡಿಬಿಡಿ ಮುಗಿದ ಮೇಲೆ, ನಿಲ್ದಾಣದ ಗಡಿಬಿಡಿ ಶುರುವಾಗುವ ಮೊದಲು, ಒಂದು ಮೇಜು ಮತ್ತು ಒಂದು ದೀಪದ ಕೆಳಗೆ ಎಲ್ಲವನ್ನೂ ಮತ್ತೊಮ್ಮೆ ತೆರೆದು ನೋಡುವುದಕ್ಕಾಗಿ.

ಮೊದಲು ಪೆಟ್ಟಿಗೆಗಳು. ಕೆಳಗೆ ಲಗೇಜು ಇಡುವ ಜಾಗದಲ್ಲಿ ತೂಕದ ಯಂತ್ರವಿತ್ತು. ಒಂದೊಂದು ಪೆಟ್ಟಿಗೆಗೆ 23 ಕಿಲೋ ಎಂಬ ಮಿತಿ ನಮ್ಮ ಟಿಕೆಟಿನದು, ಅಮ್ಮನದು 24.3 ತೂಗಿತು. ಮನೆಯಲ್ಲಿ ತೂಗಿದಾಗ 22.5 ಇದ್ದದ್ದು ದಾರಿಯಲ್ಲಿ ಹೇಗೆ ಹೆಚ್ಚಿತೆಂದು ನಾನು ಕೇಳಿದೆ. ಅಮ್ಮ ಉತ್ತರಿಸಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಮೊಮ್ಮಕ್ಕಳಿಗೆಂದು ಕೊನೆಗಳಿಗೆಯಲ್ಲಿ ತುರುಕಿದ ಎರಡು ಗಂಟುಗಳು ಸಿಕ್ಕವು. ಅವನ್ನು ನನ್ನ ಪೆಟ್ಟಿಗೆಗೆ ಸಾಗಿಸುವಾಗ ನನ್ನದರ ಮೂಲೆಯಲ್ಲಿ ನನ್ನದೇ ಪವರ್ ಬ್ಯಾಂಕ್ ಸಿಕ್ಕಿತು, ಅದೂ ಇರಬಾರದ ಜಾಗದಲ್ಲಿ. ಲಿಥಿಯಂ ಬ್ಯಾಟರಿ ಕೆಟ್ಟು ಕಾದರೆ ತನ್ನ ಉರಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ಕೈಚೀಲದಲ್ಲಿದ್ದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಹಾಕಿ ತಣಿಸಬಲ್ಲರು, ಕೆಳಗಿನ ಸರಕಿನ ಕೋಣೆಯಲ್ಲಿ ಅದು ಸಾಧ್ಯವಿಲ್ಲ. ಅದಕ್ಕೇ ಬಿಡಿ ಬ್ಯಾಟರಿಗಳೆಲ್ಲ ಕೈಚೀಲದಲ್ಲೇ ಇರಬೇಕೆಂಬ ನಿಯಮ. ಮಿತಿಯನ್ನು ಹೇಳುವುದು ವಾಟ್-ಅವರ್‌ಗಳಲ್ಲಿ, ಬ್ಯಾಂಕಿನ ಮೇಲೆ ಬರೆದಿರುವುದು ಮಿಲಿ ಆಂಪಿಯರ್-ಅವರ್‌ಗಳಲ್ಲಿ. 20,000ವನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ಬರುತ್ತದೆ; 100ರ ಒಳಗಿರುವುದರಿಂದ ತೊಂದರೆಯಿಲ್ಲ. ಇದೇ ಬ್ಯಾಂಕ್ ಬೆಳಗ್ಗೆ ಎಕ್ಸ್-ರೇಯಲ್ಲಿ ಕಂಡಿದ್ದರೆ, ಬೆಲ್ಟಿನ ಮೇಲೆ ಹೋದ ಪೆಟ್ಟಿಗೆಯನ್ನು ತೆರೆಸಲು ನನ್ನನ್ನು ಕರೆಯುತ್ತಿದ್ದರು, ಅಮ್ಮ ಗಾಲಿಕುರ್ಚಿಯಲ್ಲಿ ಒಬ್ಬರೇ ಕಾಯಬೇಕಾಗುತ್ತಿತ್ತು.

ಆಮೇಲೆ ಔಷಧಿಗಳು. ಅಮ್ಮನ ರಕ್ತದೊತ್ತಡದ ಮಾತ್ರೆಗಳನ್ನೆಲ್ಲ ಮೂಲ ಸ್ಟ್ರಿಪ್ಪುಗಳಲ್ಲೇ, ವೈದ್ಯರ ಚೀಟಿಯ ಜೊತೆಗೆ ಕೈಚೀಲದಲ್ಲಿ ಇಟ್ಟೆ. ಪೆಟ್ಟಿಗೆ ಬೇರೆ ಊರಿಗೆ ಹೋದರೂ ಮಾತ್ರೆ ನಮ್ಮೊಂದಿಗೆ ಇರಬೇಕು. ವಿಮಾನದಲ್ಲಿ ಯಾವ ಹೊತ್ತಿಗೆ ನುಂಗಬೇಕೆಂಬುದನ್ನು ಹೊರಡುವ ಊರಿನ ಸಮಯದಲ್ಲಿ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಇಳಿಯುವ ತನಕ ಕೈಗಡಿಯಾರವನ್ನು ಬದಲಿಸಬೇಡಿ ಎಂದು ಅಮ್ಮನಿಗೆ ಹೇಳಿದೆ. ಕಾಲಿಗೆ ಹಾಕುವ ಬಿಗಿ ಕಾಲುಚೀಲವನ್ನೂ ನಾಳೆಯ ಬಟ್ಟೆಯ ಮೇಲೇ ಇಟ್ಟೆ, ಏಕೆಂದರೆ ಅದನ್ನು ಹಾಕಬೇಕಾದದ್ದು ಪಾದ ಊದುವ ಮೊದಲು. ಊದಿದ ಮೇಲೆ ವಿಮಾನದ ಇಕ್ಕಟ್ಟಿನಲ್ಲಿ ಬಗ್ಗಿ ಹಾಕಲು ಹೆಣಗಿದ ಅನುಭವ ನನಗಿದೆ.

ಗಾಲಿಕುರ್ಚಿಯನ್ನು ವಿಮಾನ ಸಂಸ್ಥೆಗೆ ವಾರದ ಮೊದಲೇ ತಿಳಿಸಿಯಾಗಿತ್ತು. 48 ಗಂಟೆ ಮುಂಚೆ ತಿಳಿಸಿ ಎನ್ನುವುದು ಹೆಚ್ಚಿನವರ ಕೋರಿಕೆ. ಆದರೂ ಆ ರಾತ್ರಿ ಟಿಕೆಟಿನ ವಿವರವನ್ನು ಮತ್ತೆ ತೆರೆದು ನೋಡಿದಾಗ ಅಮ್ಮನ ಹೆಸರಿನ ಮುಂದೆ ಡಬ್ಲ್ಯು.ಸಿ.ಎಚ್.ಸಿ. ಎಂದಿತ್ತು. ಮೂರು ಸಂಕೇತಗಳಿವೆ. ಕೊನೆಯ ಅಕ್ಷರ ಆರ್ ಆದರೆ ಮೆಟ್ಟಿಲು ಹತ್ತಬಲ್ಲರು, ದೂರ ಮಾತ್ರ ನಡೆಯಲಾರರು; ಎಸ್ ಆದರೆ ಮೆಟ್ಟಿಲೂ ಆಗದು; ಸಿ ಎಂದರೆ ಸೀಟಿನವರೆಗೂ ಎತ್ತಿಯೇ ಕೂರಿಸಬೇಕಾದವರು. ನಾನೇ ತುಂಬುವಾಗ ತಪ್ಪಾದ ಸಾಲನ್ನು ಒತ್ತಿದ್ದೆನೆಂದು ಕಾಣುತ್ತದೆ. ಸಂಸ್ಥೆಯ ಸಹಾಯವಾಣಿಗೆ ಫೋನು ಮಾಡಿ ಹತ್ತು ನಿಮಿಷದಲ್ಲಿ ಸರಿಪಡಿಸಿಕೊಂಡೆ. ಅಮ್ಮನಿಗೆ ವಿಷಯ ತಿಳಿದಾಗ, "ನನ್ನನ್ನ ಎತ್ತಿಸೋ ಯೋಚನೆ ಇತ್ತೇನು ನಿಂಗೆ?" ಎಂದು ನಕ್ಕರು.

ಬಟ್ಟೆ ಕುರ್ಚಿಯ ಮೇಲೆ, ಪೆಟ್ಟಿಗೆಗಳು ಬೀಗ ಹಾಕಿ ಬಾಗಿಲ ಬಳಿ, ಚಾರ್ಜರುಗಳೆಲ್ಲ ಒಂದೇ ಗೋಡೆಯ ಪ್ಲಗ್ಗಿನಲ್ಲಿ. ಚಾರ್ಜರುಗಳ ವಿಷಯದಲ್ಲಿ ನನಗೊಂದು ಕಟ್ಟುನಿಟ್ಟಿದೆ: ಹಾಸಿಗೆಯ ಹಿಂದಿನ ಪ್ಲಗ್ಗಿಗೆ ಹಾಕಿದ ಚಾರ್ಜರು ಹೋಟೆಲಿಗೆ ಕೊಟ್ಟ ದಾನ. ಪಾಸ್‌ಪೋರ್ಟುಗಳನ್ನು ಗೋಡೆಯ ತಿಜೋರಿಯಲ್ಲಿ ಇಡಬೇಕೆಂದು ಅಮ್ಮ, ಅಲ್ಲಿಟ್ಟರೆ ಮರೆಯುತ್ತೇವೆ ಎಂದು ನಾನು. ಕೊನೆಗೆ ಅಮ್ಮ ನನ್ನ ಎಡಗಾಲಿನ ಬೂಟನ್ನು ಎತ್ತಿ ಪಾಸ್‌ಪೋರ್ಟುಗಳ ಜೊತೆಗೇ ತಿಜೋರಿಯೊಳಗಿಟ್ಟು ಬೀಗ ಹಾಕಿದರು. ಅದಾದ ಮೇಲೆ ವಾದಿಸಲು ಏನೂ ಉಳಿಯಲಿಲ್ಲ.

ಹತ್ತೂಕಾಲಿಗೆ ಮತ್ತೆ ದೀಪ ಆರಿಸಿದೆವು. ತಲೆದಿಂಬಿನ ಪಕ್ಕದ ಗಡಿಯಾರದಲ್ಲಿ ಹಿಂದೆ ಉಳಿದವರಾರೋ ಇಟ್ಟಿದ್ದ ಅಲಾರಂ ಇದ್ದರೆ ಇರಲಿ ಎಂದು ಅದರ ವೈರನ್ನೇ ಕಿತ್ತಿಟ್ಟೆ. ಕರೆಯೊಂದು, ನನ್ನ ಫೋನೊಂದು, ಅಮ್ಮನ ಫೋನೊಂದು, ಹೀಗೆ ಎಬ್ಬಿಸಲು ಮೂರು ವ್ಯವಸ್ಥೆ. ವಿಮಾನಗಳು ಹೋಗುತ್ತಲೇ ಇದ್ದವು, ಆದರೆ ಅವು ನಮ್ಮನ್ನು ಕಾಡಲಿಲ್ಲ. ದೂರದಿಂದ ಏರುತ್ತ ಬಂದು ಇಳಿಯುತ್ತ ಹೋಗುವ ಸದ್ದಿಗೆ ಕಿವಿ ಬೇಗ ಹೊಂದಿಕೊಳ್ಳುತ್ತದೆ. ಕಾಡಿದ್ದು ಓಣಿಯ ಸದ್ದು: ಗಳಿಗೆಗೊಂದು ಪೆಟ್ಟಿಗೆಯ ಚಕ್ರ, ತಾನಾಗಿ ಮುಚ್ಚಿಕೊಳ್ಳುವ ಭಾರದ ಬಾಗಿಲು ಧಡಾರೆನ್ನುವುದು, ಎಲ್ಲೋ ಇಳಿದು ಬಂದ ವಿಮಾನ ಸಿಬ್ಬಂದಿಯ ಮಾತು. ಇಂಥ ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ರಾತ್ರಿಯಲ್ಲ. ನಮ್ಮ ನಡುರಾತ್ರಿ ಯಾರಿಗೋ ಊಟದ ಹೊತ್ತು. ಮುಂದಿನ ಸಲ ಕೇಳಬೇಕಾದದ್ದು ರನ್‌ವೇಯಿಂದ ದೂರದ ಕೋಣೆಯಲ್ಲ, ಓಣಿಯ ಕೊನೆಯ ಕೋಣೆ. ಬಾಗಿಲಡಿಯ ಸಂದಿಗೆ ಒಂದು ಟವೆಲ್ಲನ್ನು ಸುರುಳಿ ಸುತ್ತಿ ಒತ್ತಿದೆ, ಬೆಳಕೂ ಸದ್ದೂ ಅಷ್ಟರಮಟ್ಟಿಗೆ ಇಳಿದವು.

ಆದರೂ ನಿದ್ದೆ ಆಳಕ್ಕೆ ಇಳಿಯಲಿಲ್ಲ. ಹೊಸ ಜಾಗದ ಮೊದಲ ರಾತ್ರಿ ಹಾಗೆಯೇ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ಜಾಗದಲ್ಲಿ ಮೊದಲ ರಾತ್ರಿ ಮಲಗಿದವರ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗದೆ, ಹೊರಗಿನ ಸಣ್ಣ ಸದ್ದಿಗೂ ಕಾವಲುಗಾರನಂತೆ ಸ್ಪಂದಿಸುತ್ತಿದ್ದುದು ಕಂಡುಬಂದಿತ್ತು. ಆ ಕಾವಲುಗಾರನನ್ನು ಮನೆಗೆ ಕಳಿಸುವ ದಾರಿ ನನಗಿರಲಿಲ್ಲ. ಹನ್ನೆರಡರ ನಂತರ ಒಮ್ಮೆ ಕಣ್ಣು ಬಿಟ್ಟಾಗ ಪರದೆಯ ಅಂಚಿನಲ್ಲಿ ಅಮ್ಮ ನಿಂತಿದ್ದರು. "ತಿರುಗಿಬಿಟ್ಟವು ಕಣೇ, ಈಗ ಬಲದಿಂದ ಎಡಕ್ಕೆ ಹೋಗ್ತಾ ಇವೆ" ಎಂದು ಪಿಸುಗುಟ್ಟಿದರು. ಗಾಳಿ ದಿಕ್ಕು ಬದಲಿಸಿತ್ತು. ಅದರ ನಂತರ ನಾನು ನಿಜವಾಗಿ ಮಲಗಿದೆ.

ಯಾವ ಅಲಾರಮ್ಮೂ ನಮ್ಮನ್ನು ಎಬ್ಬಿಸಲಿಲ್ಲ. 2.10ಕ್ಕೆ ಅಮ್ಮ ಸ್ನಾನ ಮಾಡಿ, ಕಾಲುಚೀಲ ಹಾಕಿ, ಸಿದ್ಧರಾಗಿ ಕುರ್ಚಿಯಲ್ಲಿ ಕುಳಿತಿದ್ದರು. ಕೋಣೆಯ ಫೋನು ಎರಡೂವರೆಗೆ ಬಡಿದುಕೊಂಡಾಗ ನಾನು ಹಲ್ಲುಜ್ಜುತ್ತಿದ್ದೆ. ಒಂದು ಬೂಟು ಹಾಕಿ ಇನ್ನೊಂದಕ್ಕಾಗಿ ಹಾಸಿಗೆಯ ಕೆಳಗೆ ಹುಡುಕಿದೆ. ಅಮ್ಮ ಮಾತನಾಡದೆ ತಿಜೋರಿಯತ್ತ ಬೆರಳು ತೋರಿಸಿದರು.

ಕೆಳಗೆ ಬಂದಾಗ ಬಸ್ಸಿನ ಮುಂದೆ ದೊಡ್ಡದೊಂದು ಕುಟುಂಬ ಪೆಟ್ಟಿಗೆಗಳೊಂದಿಗೆ ನಿಂತಿತ್ತು. ಬಸ್ಸಿನಲ್ಲಿದ್ದದ್ದು ಹನ್ನೆರಡು ಸೀಟು. ಚಾಲಕರು ರಿಜಿಸ್ಟರಿನ ಹಾಳೆ ಹಿಡಿದು ಹೆಸರು ಕೂಗಿದರು. ನಮ್ಮ ಹೆಸರು ಎರಡನೆಯದು. ಆ ಕುಟುಂಬದವರು ಬರೆಸಿರಲಿಲ್ಲ. ಅರ್ಧ ಜನ ಹತ್ತಿ, ಇನ್ನರ್ಧ ಟ್ಯಾಕ್ಸಿ ಹುಡುಕಲು ಹೊರಟರು. ಚಾಲಕರು ಹೊರಡುವ ಮೊದಲು ಒಬ್ಬೊಬ್ಬರನ್ನೂ ಯಾವ ಟರ್ಮಿನಲ್ ಎಂದು ಕೇಳಿದರು. ಒಬ್ಬರು ವಿಮಾನ ಸಂಸ್ಥೆಯ ಹೆಸರು ಹೇಳಿ ಸುಮ್ಮನಾದಾಗ, ಟಿಕೆಟ್ ತೆಗೆದು ನೋಡಿ ಹೇಳಿ ಎಂದು ಪಟ್ಟು ಹಿಡಿದರು. ಆ ಪಟ್ಟು ನನಗೆ ಮೆಚ್ಚುಗೆಯಾಯಿತು. ತಪ್ಪು ಟರ್ಮಿನಲ್ಲಿನಲ್ಲಿ ಇಳಿದವರು ಪೆಟ್ಟಿಗೆಗಳೊಂದಿಗೆ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹೋಟೆಲಿನಲ್ಲಿ ಉಳಿದು ಉಳಿಸಿದ್ದ ಸಮಯವೆಲ್ಲ ಕರಗಿಹೋಗುತ್ತದೆ.

3.12ಕ್ಕೆ ಟರ್ಮಿನಲ್ ತಲುಪಿದೆವು. ಕೌಂಟರ್ ತೆರೆದಿರಲಿಲ್ಲ. 3.40ಕ್ಕೆ ತೆರೆದು, ವಿಮಾನ ಹೊರಡಲು ಒಂದು ಗಂಟೆ ಇರುವಾಗ, ಅಂದರೆ 5.40ಕ್ಕೆ ಮುಚ್ಚುವುದು ಅವರ ಕ್ರಮ. ನಾಲ್ಕರ ಬಸ್ಸಿನಲ್ಲಿ ಬಂದಿದ್ದರೂ ಸಾಕಾಗುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಒಂದು ಗಂಟೆಯ ನಿದ್ದೆಯನ್ನು ನನ್ನ ಅಂಜುಬುರುಕುತನಕ್ಕೆ ತೆತ್ತೆವು. ಆ ಬೆಂಚಿನ ಮೇಲೆ ಕುಳಿತು ಅಮ್ಮ ಅದನ್ನು ಹೇಳದೆ ಬಿಡಲಿಲ್ಲ, ಆದರೆ ನಾಲ್ಕೂಕಾಲಿನ ಹೊತ್ತಿಗೆ ನಮ್ಮ ಹಿಂದೆ ಸಾಲು ಕಂಬಗಳನ್ನು ಬಳಸಿ ಬಾಗಿಲ ತನಕ ಬೆಳೆದದ್ದನ್ನು ಕಂಡಾಗ ಮಾತು ಬದಲಿಸಿದರು. ಅಷ್ಟು ಹೊತ್ತಿಗೆ ನಮ್ಮ ಪೆಟ್ಟಿಗೆಗಳು 22.9 ಮತ್ತು 22.6 ತೂಗಿ ಒಳಗೆ ಹೋಗಿದ್ದವು, ಗಾಲಿಕುರ್ಚಿ ತಳ್ಳುವ ಹುಡುಗ ಬಂದು ನಿಂತಿದ್ದ.

ಭದ್ರತಾ ತಪಾಸಣೆಯಲ್ಲಿ ಒಂದೇ ಒಂದು ಅಡ್ಡಿ. ಹೋಟೆಲಿನವರು ಕಟ್ಟಿಕೊಟ್ಟ ಪೊಟ್ಟಣವನ್ನು ನಾನು ಬಿಚ್ಚಿ ನೋಡಿರಲಿಲ್ಲ. ಒಳಗೆ 200 ಮಿಲಿಯ ಎರಡು ಹಣ್ಣಿನ ರಸದ ಡಬ್ಬಿಗಳಿದ್ದವು. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ದ್ರವದ ಡಬ್ಬಿ ಇರಬಾರದೆಂಬ ನಿಯಮ 2006ರಲ್ಲಿ ಬಂದದ್ದು; ವಿಮಾನಗಳನ್ನು ದ್ರವರೂಪದ ಸ್ಫೋಟಕದಿಂದ ಉಡಾಯಿಸುವ ಸಂಚೊಂದು ಲಂಡನ್ನಿನಲ್ಲಿ ಬಯಲಾದ ಮೇಲೆ. ಹೊಸ ಸ್ಕ್ಯಾನರುಗಳು ಬಂದ ಕೆಲವು ನಿಲ್ದಾಣಗಳಲ್ಲಿ ಸಡಿಲವಾಗಿದೆ, ಇಲ್ಲಿ ಆಗಿರಲಿಲ್ಲ. ಡಬ್ಬಿಗಳನ್ನು ಕಸದ ತೊಟ್ಟಿಗೆ ಹಾಕಿ ಎಂದರು. "ಎಸೆಯೋದ್ಯಾಕೆ" ಎಂದು ಅಮ್ಮ ಗಾಲಿಕುರ್ಚಿಯಲ್ಲಿ ಕುಳಿತೇ ಒಂದನ್ನು ಕುಡಿದು ಮುಗಿಸಿ, ಇನ್ನೊಂದನ್ನು ನನ್ನ ಕೈಗಿತ್ತರು. ಹಿಂದಿದ್ದವರು ಕಾಯುತ್ತಿರುವಾಗ ನಿಂತುಕೊಂಡು ಕುಡಿದೆ. ರಾತ್ರಿ ಒಂಬತ್ತರ ನಾನು ನೋಡಲು ಮರೆತದ್ದು ಅದೊಂದನ್ನೇ, ಏಕೆಂದರೆ ಪೊಟ್ಟಣ ಕೈಗೆ ಬಂದದ್ದು ಮೂರಕ್ಕೆ.

ಗೇಟಿನ ಬಳಿ ಖಾಲಿ ಬಾಟಲಿಗೆ ನೀರು ತುಂಬಿಕೊಂಡೆವು. ಮೇಲೆ ಹೋದ ಮೇಲೆ ವಿಮಾನದೊಳಗಿನ ಗಾಳಿಯ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿರುತ್ತದೆ, ಗಾಳಿಯ ಒತ್ತಡವೂ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ಬಾಯಿ ಒಣಗುವುದಕ್ಕೂ ಕಾಲು ಊದುವುದಕ್ಕೂ ಮುಂದೆ ಹದಿನಾಲ್ಕು ಗಂಟೆಗಳಿದ್ದವು. ಗಾಲಿಕುರ್ಚಿಯವರನ್ನು ಮೊದಲು ಹತ್ತಿಸುವುದರಿಂದ ಎಲ್ಲರಿಗಿಂತ ಮುಂಚೆ ಒಳಗೆ ಹೋಗಿ ಕುಳಿತೆವು. ಅಮ್ಮನಿಗೆ ಕಿಟಕಿಯ ಸೀಟು, ಎಡಬದಿಗೆ. ಅದನ್ನು ಆರಿಸಿದ್ದು ಹಿಂದಿನ ಸಂಜೆ ಅವರೇ. ಎಡದಿಂದ ಬಲಕ್ಕೆ ಏರುವ ವಿಮಾನದ ಎಡಗಿಟಕಿಯಿಂದ ನೋಡಿದರೆ, ದಾರಿಯ ಆಚೆಬದಿಯಲ್ಲಿ ನಿಂತ ನಮ್ಮ ಹೋಟೆಲು ಕಾಣುವುದಿಲ್ಲ, ಬಲಗಿಟಕಿಯಿಂದ ಕಾಣುತ್ತದೆ ಎಂದು ನಾನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದೆ, ಬಲಬದಿಯಲ್ಲಿ ಮಾತ್ರ ಸೀಟು ಖಾಲಿ ಇರಲಿಲ್ಲ.

ವಿಮಾನ ಹಿಂದಕ್ಕೆ ಸರಿದು, ತಿರುಗಿ, ಬಹಳ ಹೊತ್ತು ನೆಲದ ಮೇಲೇ ಸಾಗಿತು. ರನ್‌ವೇಯ ತುದಿಗೆ ಬಂದಾಗ ಅಮ್ಮ ಕಿಟಕಿಗೆ ಹಣೆ ಒತ್ತಿ ನೆಲದ ಮೇಲಿನ ಅಂಕಿ ಓದಲು ನೋಡಿದರು, ಕಾಣಲಿಲ್ಲ. ಓಟ ಶುರುವಾಯಿತು. ನಸುಬೆಳಕಿನಲ್ಲಿ ಬೇಲಿ, ರಸ್ತೆ, ಅದರಾಚೆ ಒಂದರ ಪಕ್ಕ ಒಂದು ನಿಂತ ಕಟ್ಟಡಗಳು ಹಿಂದಕ್ಕೆ ಓಡಿದವು, ಅವುಗಳ ನಡುವೆ ನಮ್ಮ ಹೋಟೆಲಿನ ಹೆಸರಿನ ದೀಪ. ನಡುರಾತ್ರಿ ತಿರುಗಿದ ಗಾಳಿ ಇನ್ನೂ ಹಾಗೆಯೇ ಇತ್ತು. "ಆರನೇ ಮಹಡಿ" ಎಂದು ಅಮ್ಮ ಬೆರಳಿಟ್ಟು ಎಣಿಸಲು ಹೊರಟರು, ಮೂರು ಎಣಿಸುವಷ್ಟರಲ್ಲಿ ನಾವು ಮೋಡದೊಳಗಿದ್ದೆವು. ಸೀಟ್ ಬೆಲ್ಟಿನ ದೀಪ ಆರುವ ಮೊದಲೇ ಅವರಿಗೆ ನಿದ್ದೆ ಹತ್ತಿತ್ತು.